ನಿಕಲ್ ಪುಡಿಯ ಮೇಲೆ ನಡೆದದ್ದು

ಗಾಣದಲ್ಲಿ ತೆಗೆದ ಕಡಲೆಕಾಯಿ ಎಣ್ಣೆಯಲ್ಲಿ ಟ್ರಾನ್ಸ್ ಕೊಬ್ಬು ಇರುವುದಿಲ್ಲ. ಜಲಜನಕವಂತೂ ಬರೀ ಅನಿಲ. ನಿಕಲ್ ಪುಡಿಯನ್ನು ಕೆಲಸ ಮುಗಿದ ಮೇಲೆ ಸೋಸಿ ತೆಗೆದುಬಿಡುತ್ತಾರೆ. ಹಾಗಿದ್ದರೆ ಈ ಮೂರನ್ನೂ ಸೇರಿಸಿ ತಯಾರಿಸಿದ ವನಸ್ಪತಿಯೊಳಗೆ ಟ್ರಾನ್ಸ್ ಕೊಬ್ಬು ಬಂದದ್ದೆಲ್ಲಿಂದ? 2022ರ ಜನವರಿಯಿಂದ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ, ಕೊಬ್ಬುಗಳಲ್ಲಿ ಅದರ ಪ್ರಮಾಣ ಶೇ 2 ಮೀರಬಾರದೆಂದು ಕಟ್ಟು ಹಾಕಿದೆ. ಆ ಕಟ್ಟಿನ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಿದೆ. ನನಗೆ ಬೇಕಿದ್ದದ್ದು ಹುಟ್ಟಿನ ಕಥೆ. ಅದಕ್ಕಾಗಿ ಹಳೆಯ ರಸಾಯನಶಾಸ್ತ್ರ ಪತ್ರಿಕೆಗಳ ಜಾಡು ಹಿಡಿದೆ.

ಜಾಡು ಮೊದಲು ಕರೆದೊಯ್ದದ್ದು ಫ್ರಾನ್ಸಿನ ಟುಲೂಸ್ ಊರಿಗೆ. 1912ರಲ್ಲಿ ನೊಬೆಲ್ ಪಡೆದ ಪಾಲ್ ಸಬಾಟಿಯೆ ತಮ್ಮ ಭಾಷಣದಲ್ಲಿ ಯಾರಿಂದ ಏನು ಸಿಕ್ಕಿತೆಂದು ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. 1896ರಲ್ಲಿ ಮ್ವಾಸಾಂ ಮತ್ತು ಮೂರ್ಯು ಎಂಬಿಬ್ಬರು ಅಸಿಟಿಲೀನ್ ಅನಿಲವನ್ನು ನಿಕಲ್ ಪುಡಿಯ ಮೇಲೆ ಹಾಯಿಸಿದ್ದರು. ಪುಡಿ ಕೆಂಪಗೆ ಕಾದು ಮಸಿ ಕಟ್ಟಿತು. ಹೊರಬಂದ ಅನಿಲ ಜಲಜನಕವೇ ಎಂದು ಅವರು ಭಾವಿಸಿದರು. ಸಬಾಟಿಯೆಗೆ ಅದು ಒಪ್ಪಿಗೆಯಾಗಲಿಲ್ಲ. ಮ್ವಾಸಾಂ ಆ ಕೆಲಸ ಮುಂದುವರಿಸುವುದಿಲ್ಲವೆಂದು ಖಚಿತವಾದ ಮೇಲೆಯೇ ಸಬಾಟಿಯೆ ತಮ್ಮ ಒಡನಾಡಿ ಸಾಂದರೆನ್ಸ್ ಜೊತೆ ಸೇರಿ ಎಥಿಲೀನ್ ಹಿಡಿದು ಕೂತರು. ಹೊರಬಂದ ಅನಿಲದಲ್ಲಿ ಈಥೇನ್ ಸಿಕ್ಕಿತು. ಅಂದರೆ ಎಥಿಲೀನ್ ಲೋಹದ ಮೇಲೆ ಜಲಜನಕವನ್ನು ತೆಗೆದುಕೊಂಡಿತ್ತು. 1897ರಲ್ಲಿ ಜಲಜನಕವನ್ನು ಬೇಕೆಂದೇ ಬೆರೆಸಿ ಅದನ್ನು ಖಚಿತಪಡಿಸಿಕೊಂಡರು. ಬಹುಮಾನದ ಹೊತ್ತಿಗೆ ಸಾಂದರೆನ್ಸ್ ಹೆಸರು ಇರಲಿಲ್ಲ. ಕ್ರೈಸ್ತ ಪಾದ್ರಿಯಾಗಿದ್ದ ಅವರು ಪ್ರಯೋಗದ ಮೇಜಿನಲ್ಲಿ ಸಮಪಾಲು ದುಡಿದವರು. ಈ ಲೋಪ ನನಗೆ ಇಂದಿಗೂ ಸರಿಕಾಣುವುದಿಲ್ಲ.

ಸಬಾಟಿಯೆ ಕೆಲಸವೆಲ್ಲ ಆವಿಯಲ್ಲಿ ನಡೆದದ್ದು. ದ್ರವವಾಗಿರುವ ಎಣ್ಣೆಗೂ ಇದನ್ನು ಹೂಡಬಹುದೆಂದು 1902ರಲ್ಲಿ ಪೇಟೆಂಟ್ ಪಡೆದವರು ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್. ಹೀಗೆ ಗಟ್ಟಿ ಮಾಡಿದ ಕೊಬ್ಬು 1911ಕ್ಕೆ ಅಮೆರಿಕದಲ್ಲಿ ಕ್ರಿಸ್ಕೊ ಆಗಿ ಬಂತು, 1937ಕ್ಕೆ ನಮ್ಮಲ್ಲಿ ಡಾಲ್ಡಾ ವನಸ್ಪತಿಯಾಗಿ.

ಇನ್ನು ಅಣುವಿನ ವಿಚಾರ. ಎಣ್ಣೆಯಲ್ಲಿರುವ ಓಲಿಯಿಕ್ ಆಮ್ಲದಲ್ಲಿ 18 ಇಂಗಾಲಗಳ ಸರಪಳಿ, ನಡುವೆ ಒಂದು ದ್ವಿಬಂಧ. ಆ ಜಾಗದಲ್ಲಿ ಸರಪಳಿ ಕುಡುಗೋಲಿನಂತೆ ಬಾಗಿರುತ್ತದೆ; ಇದು ಸಿಸ್ ರೂಪ. ಬಾಗಿದ ಅಣುಗಳು ಒತ್ತೊತ್ತಾಗಿ ಕೂರಲಾರವು. ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತವೆ. ಅದೇ ದ್ವಿಬಂಧದ ಒಂದು ಬದಿ ತಿರುಗಿ ಟ್ರಾನ್ಸ್ ಆದರೆ ಸರಪಳಿ ನೆಟ್ಟಗಾಗುತ್ತದೆ, ಕರಗಲು ಸುಮಾರು 45 ಡಿಗ್ರಿ ಬೇಕು. ಒಂದೇ ಒಂದು ಜಲಜನಕ ಹೆಚ್ಚಾಗದೆಯೂ ಎಣ್ಣೆ ಗಟ್ಟಿಯಾಗುವ ದಾರಿ ಇದು. ಹಾಗಾಗಿ ಟ್ರಾನ್ಸ್ ಅಣುಗಳನ್ನು ಕಾರ್ಖಾನೆಯವರು ಕಲ್ಮಶವೆಂದು ಕಂಡಿರಲಿಲ್ಲ. ವನಸ್ಪತಿಗೆ ಬೇಕಾದ ಗಟ್ಟಿತನದಲ್ಲಿ ಅವುಗಳದ್ದೂ ಪಾಲಿತ್ತು.

ಈ ಅಣುಗಳು ಆಗಲೇ ಯಾರ ಕಣ್ಣಿಗಾದರೂ ಬಿದ್ದಿದ್ದವೇ ಎಂದು ಕೇಳಿದರೆ, ರಸಾಯನಶಾಸ್ತ್ರಜ್ಞರ ಕಣ್ಣಿಗೆ ಬಿದ್ದಿದ್ದವು. ಹಳೆಯ ಬರಹಗಳಲ್ಲಿ ಇವು 'ಐಸೊ-ಓಲಿಯಿಕ್ ಆಮ್ಲಗಳು' ಎಂಬ ಹೆಸರಿನಲ್ಲಿ ಅಡಗಿವೆ. ಲಿವರ್‌ಪೂಲ್‌ನಲ್ಲಿ ಟಿ. ಪಿ. ಹಿಲ್ಡಿಚ್ ಮತ್ತು ಎನ್. ಎಲ್. ವಿದ್ಯಾರ್ಥಿ 1929ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅರ್ಧಂಬರ್ಧ ಜಲಜನಕ ಸೇರಿದ ಎಸ್ಟರುಗಳನ್ನು (ಕೊಬ್ಬಿನಾಮ್ಲದ ಸಂಯುಕ್ತಗಳನ್ನು) ಬಿಡಿಸಿ ನೋಡಿದ್ದನ್ನು ವರದಿ ಮಾಡಿದರು. ದ್ವಿಬಂಧ ಇದ್ದಲ್ಲೇ ಇರದೆ ಸರಪಳಿಯ ಉದ್ದಕ್ಕೂ ಆಚೀಚೆ ಸರಿದಿತ್ತು. ಹಿಲ್ಡಿಚ್ ವಿಶ್ವವಿದ್ಯಾಲಯಕ್ಕೆ ಬರುವ ಮೊದಲು ವಾರಿಂಗ್ಟನ್ನಿನ ಸೋಪು ಕಾರ್ಖಾನೆಯಲ್ಲಿದ್ದವರು. ಈ ಗಟ್ಟಿ ಎಣ್ಣೆಯ ಪರಿಚಯ ಅವರಿಗೆ ಕೈಯಾರೆ ಇತ್ತು.

ದ್ವಿಬಂಧ ಏಕೆ ಸರಿಯುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಎಣ್ಣೆಯ ಹೆಸರೇ ಇಲ್ಲದ ಶೀರ್ಷಿಕೆಯಡಿ. ಫ್ಯಾರಡೆ ಸೊಸೈಟಿಯ ಪತ್ರಿಕೆಯ 30ನೇ ಸಂಪುಟ, 1934. ಬರ್ಲಿನ್ ಬಿಟ್ಟು ಮ್ಯಾಂಚೆಸ್ಟರಿಗೆ ಬಂದಿದ್ದ ಮೈಕೇಲ್ ಪೊಲಾನಿ ಮತ್ತು ಜಪಾನಿನ ಜೂರೊ ಹೊರಿಯುಟಿ ಅಲ್ಲಿ ಲೋಹದ ಮೇಲೆ ಜಲಜನಕದ ಅದಲುಬದಲನ್ನು ಕುರಿತು ಬರೆದಿದ್ದಾರೆ. ಭಾರ ಜಲಜನಕ ಆಗಷ್ಟೇ ಕೈಗೆ ಸಿಕ್ಕಿತ್ತು. ಅದನ್ನು ಗುರುತಿಗೆ ಇಟ್ಟುಕೊಂಡರೆ ಯಾವ ಪರಮಾಣು ಎಲ್ಲಿಗೆ ಹೋಯಿತೆಂದು ಹಿಡಿಯಬಹುದು. ಅವರು ಕೊಟ್ಟ ವಿವರಣೆ ಹೀಗೆ: ಲೋಹಕ್ಕೆ ತಗುಲಿದ ಜಲಜನಕದ ಅಣು ಎರಡು ಪರಮಾಣುಗಳಾಗಿ ಸೀಳುತ್ತದೆ. ಎಥಿಲೀನ್ ತನ್ನ ದ್ವಿಬಂಧವನ್ನು ಬಿಚ್ಚಿ ಲೋಹಕ್ಕೆ ಅಂಟುತ್ತದೆ. ಮೊದಲ ಜಲಜನಕ ಬಂದು ಸೇರಿದಾಗ ಅಣು ಅರ್ಧ ದಾರಿಯಲ್ಲಿ ನಿಂತಿರುತ್ತದೆ. ಎರಡನೆಯದು ಸೇರಿದರೆ ಈಥೇನ್ ಆಗಿ ಹೊರಡುತ್ತದೆ. ಸೇರದಿದ್ದರೆ? ಒಂದು ಜಲಜನಕವನ್ನು ಲೋಹಕ್ಕೆ ವಾಪಸು ಕೊಟ್ಟು ಎಥಿಲೀನ್ ಆಗಿಯೇ ಮರಳುತ್ತದೆ. ಆದರೆ ತೆಗೆದುಕೊಂಡದ್ದನ್ನೇ ಕೊಡಬೇಕೆಂಬ ನಿಯಮವಿಲ್ಲ. ಮರಳಿದ ಎಥಿಲೀನ್‌ನಲ್ಲಿ ಭಾರ ಜಲಜನಕ ಸಿಗುವುದು ಹೀಗೆ.

ಈಗ ಎಥಿಲೀನ್ ಜಾಗದಲ್ಲಿ ಓಲಿಯಿಕ್ ಸರಪಳಿಯನ್ನಿಟ್ಟು ಓದಿ. ಅರ್ಧ ದಾರಿಯಲ್ಲಿ ನಿಂತಾಗ ಅಲ್ಲಿ ದ್ವಿಬಂಧವಿಲ್ಲ, ಏಕಬಂಧವಿದೆ. ಸರಪಳಿ ಸಲೀಸಾಗಿ ಸುತ್ತು ತಿರುಗಬಲ್ಲದು. ಪಕ್ಕದ ಇಂಗಾಲದ ಜಲಜನಕವನ್ನು ಬಿಟ್ಟುಕೊಟ್ಟರೆ ದ್ವಿಬಂಧ ಒಂದು ಮನೆ ಆಚೆ ಸರಿಯುತ್ತದೆ. ತಿರುಗಿ ನಿಂತು ಬಿಟ್ಟುಕೊಟ್ಟರೆ ನೆಟ್ಟಗಿನ ಟ್ರಾನ್ಸ್ ರೂಪ ಬರುತ್ತದೆ. ಶಕ್ತಿಯ ಲೆಕ್ಕದಲ್ಲಿ ಅದೇ ಹೆಚ್ಚು ನೆಮ್ಮದಿಯ ರೂಪ. ಕಾರ್ಖಾನೆಯ ಅನುಭವವೂ ಇದಕ್ಕೆ ತಾಳೆಯಾಗುತ್ತದೆ: ಶಾಖ ಏರಿಸಿ ಜಲಜನಕದ ಒತ್ತಡ ಇಳಿಸಿದರೆ ಟ್ರಾನ್ಸ್ ಹೆಚ್ಚು. ಗಂಧಕ ತಾಗಿದ ನಿಕಲ್ ಬಳಸಿದರೆ ಇನ್ನೂ ಹೆಚ್ಚು. ಲೋಹದ ಮೇಲೆ ಎರಡನೆಯ ಜಲಜನಕಕ್ಕೆ ಬರಗಾಲ ಬಿದ್ದಷ್ಟೂ ಅರ್ಧದಲ್ಲೇ ವಾಪಸಾಗುವ ಅಣುಗಳು ಜಾಸ್ತಿ. ಮಿಠಾಯಿಗೆ ಬೇಕಾದ ಗಟ್ಟಿ ಕೊಬ್ಬಿಗಾಗಿ ಇಂಥ ಗಂಧಕದ ನಿಕಲ್ಲನ್ನು ಗೊತ್ತಿದ್ದೇ ಬಳಸಿದ್ದೂ ಉಂಟು.

ಡಾಲ್ಡಾ ಮಾರುಕಟ್ಟೆಗೆ ಬರುವ ಮುನ್ನವೇ ಹಿಲ್ಡಿಚ್, ಹೊರಿಯುಟಿ, ಪೊಲಾನಿಯರ ಈ ಬರಹಗಳು ಅಚ್ಚಾಗಿದ್ದವು. ನಮ್ಮ ಕಾನೂನು ಮಾತ್ರ ಬಹುಕಾಲ ಬೇರೆ ಚಿಂತೆಯಲ್ಲಿತ್ತು. ವನಸ್ಪತಿಯನ್ನು ತುಪ್ಪಕ್ಕೆ ಬೆರೆಸಿದರೆ ಪತ್ತೆಯಾಗಲೆಂದು ಅದರಲ್ಲಿ ಶೇ 5ರಷ್ಟು ಎಳ್ಳೆಣ್ಣೆ ಕಡ್ಡಾಯ ಮಾಡಿತ್ತು. ಎಳ್ಳೆಣ್ಣೆಗೆ ಆಮ್ಲ ಮತ್ತು ಫರ್ಫ್ಯೂರಾಲ್ ಎಂಬ ರಾಸಾಯನಿಕ ಹಾಕಿದರೆ ಕೆಂಪು ಬಣ್ಣ ಬರುತ್ತದೆ. ಟ್ರಾನ್ಸ್ ಕೊಬ್ಬು ರಕ್ತದಲ್ಲಿ ಕೆಟ್ಟ ಕೊಲೆಸ್ಟೆರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆಂದು ನೆದರ್ಲೆಂಡ್ಸಿನ ಮೆನ್ಸಿಂಕ್ ಮತ್ತು ಕಟಾನ್ ತೋರಿಸಿದ್ದು ಬಹಳ ತಡವಾಗಿ, 1990ರಲ್ಲಿ.

ಕೊನೆಗೆ ಸಿಕ್ಕ ಪ್ರಬಂಧ 2009ರದ್ದು, ಕ್ಯಾಲಿಫೋರ್ನಿಯಾದ ಫ್ರಾನ್ಸಿಸ್ಕೊ ಝಾಯಿರಾ ಮತ್ತು ಸಂಗಡಿಗರದ್ದು. ಪ್ಲಾಟಿನಂ ಕಣಗಳನ್ನು ನಾಲ್ಕು ತ್ರಿಕೋನ ಮುಖಗಳ ಆಕಾರಕ್ಕೆ ತಂದು ನೋಡಿದರು. ಆ ಮುಖಗಳ ಮೇಲೆ ಪರಮಾಣುಗಳು ಅತ್ಯಂತ ಒತ್ತೊತ್ತಾಗಿರುತ್ತವೆ. ಅಲ್ಲಿ ಬ್ಯೂಟೀನ್ ಎಂಬ ದ್ವಿಬಂಧದ ಪುಟ್ಟ ಅಣುಗಳು ಉಲ್ಟಾ ತಿರುಗಿದವು: ಟ್ರಾನ್ಸ್ ಇದ್ದದ್ದು ಸಿಸ್ ಆಯಿತು. ಜಲಜನಕ ತುಂಬಿದ ಅಂಥ ಮೇಲ್ಮೈಯಲ್ಲಿ ಟ್ರಾನ್ಸ್ ಅಣು ಕೂರಬೇಕಾದರೆ ಲೋಹದ ಪರಮಾಣುಗಳು ಹೆಚ್ಚು ಸರಿದಾಡಬೇಕು, ಸಿಸ್‌ಗೆ ಅಷ್ಟು ಬೇಡ ಎಂಬುದು ಅವರ ಲೆಕ್ಕಾಚಾರ. ಅಡುಗೆ ಎಣ್ಣೆಗೆ ಇದು ಉಪಯೋಗಕ್ಕೆ ಬಂದೀತೆಂಬ ಆಸೆಯೂ ಅದರ ಹಿಂದಿತ್ತು. ಆದರೆ ಪ್ಲಾಟಿನಂ ಬೆಲೆ ಗೊತ್ತೇ ಇದೆ. ಕಾರ್ಖಾನೆಗಳು ತಾಳೆ ಎಣ್ಣೆ ಬೆರೆಸಿಯೂ ಕೊಬ್ಬಿನಾಮ್ಲಗಳನ್ನು ಅದಲುಬದಲು ಮಾಡಿಯೂ ಗಟ್ಟಿತನ ತರುವ ದಾರಿ ಹಿಡಿದವು. ಅದಕ್ಕೆ ನಿಕಲ್ಲೂ ಬೇಕಿಲ್ಲ, ಜಲಜನಕವೂ ಬೇಕಿಲ್ಲ.