ಬೂದು ಡಬ್ಬಿ, ಸೈಕಲ್ ಟ್ಯೂಬು ಮತ್ತು ಇಪ್ಪತ್ನಾಲ್ಕು ಉಪಗ್ರಹಗಳು

ಮೊನ್ನೆ ಭಾನುವಾರ ಅಟ್ಟ ಹತ್ತಿ ಹಳೇ ಸಾಮಾನು ಇಳಿಸ್ತಾ ಇದ್ದೆ. ಕೆಳಗೆ ನಿಂತು ಒಂದೊಂದಾಗಿ ಈಸಿಕೊಳ್ಳುತ್ತಿದ್ದ ನನ್ನವಳು "ರೀ, ಇದ್ಯಾವುದ್ರೀ, ಟೀವಿ ರಿಮೋಟಾ? ಬೆನ್ನಿಗೆಲ್ಲ ಏನೋ ಅಂಟಂಟು. ಗುಜರಿಗೆ ಹಾಕ್ಲಾ?" ಅಂದಳು. ನೋಡಿದರೆ ನನ್ನ ಬೂದು ಬಣ್ಣದ ಜಿಪಿಎಸ್ ಡಬ್ಬಿ! ಆ ಅಂಟು ಏನು ಅಂದ್ರೆ ಕರಗಿಹೋದ ಸೈಕಲ್ ಟ್ಯೂಬು. ಧಡಧಡ ಏಣಿ ಇಳಿದು ಕಿತ್ತುಕೊಂಡೆ.

ನಿಮ್ಮಲ್ಲಿ ಬೈಕಿನ ಹುಚ್ಚಿರುವವರಿಗೆ ನೆನಪಿರಬಹುದು. ಫೋನಿನಲ್ಲೇ ದಾರಿ ಕಾಣುವ ಕಾಲ ಬರುವ ಮೊದಲು ಇಂಥದೊಂದು ಡಬ್ಬಿ ಬೈಕಿನ ಹ್ಯಾಂಡಲ್ಲಿಗೆ ಕಟ್ಟಿಕೊಂಡವನು ಅಂದ್ರೆ ಪೆಟ್ರೋಲ್ ಬಂಕಿನಲ್ಲಿ ನಾಲ್ಕು ಜನ ಸುತ್ತುಗಟ್ಟುತ್ತಿದ್ದರು. 2007ರಲ್ಲಿ ಅಮೆರಿಕದಿಂದ ವಾಪಸಾಗಿದ್ದ ಸಹೋದ್ಯೋಗಿಯೊಬ್ಬರಿಂದ ನಾಲ್ಕು ಸಾವಿರಕ್ಕೆ ಕೊಂಡಿದ್ದೆ. ಕಂಪನಿ ಹೆಸರು ಬೇಡ, ಯಾಕಂದ್ರೆ ಮುಂದೆ ಆದ ಎಡವಟ್ಟು ಪೂರ್ತಿ ನನ್ನದೇ. ಬೆಟ್ಟ ಹತ್ತುವವರಿಗೆ ಅಂತ ಮಾಡಿದ ಡಬ್ಬಿಯನ್ನ ಬೈಕಿಗೆ ಕಟ್ಟಿದವನು ನಾನು.

ಹಾಗೆ ನೋಡಿದರೆ ಬೈಕಿನ ಜಿಪಿಎಸ್ ಚರಿತ್ರೆಯೇ ಈ ಥರ. ಬೇರೆ ಯಾರಿಗೋ ಮಾಡಿದ್ದನ್ನು ನಾವು ಈಸಿಕೊಂಡು ಕಟ್ಟಿಕೊಂಡದ್ದು. ಮೊದಲು ಸೈನ್ಯದ್ದು, ಆಮೇಲೆ ಚಾರಣಿಗರದ್ದು, ಆಮೇಲೆ ಕಾರಿನವರದ್ದು, ಈಗ ಫೋನಿನದ್ದು.

ಮೊದಲ ಜಿಪಿಎಸ್ ಉಪಗ್ರಹ ಹಾರಿದ್ದು 1978ರ ಫೆಬ್ರವರಿಯಲ್ಲಿ, ಅಮೆರಿಕದ ಸೈನ್ಯಕ್ಕಾಗಿ. 1983ರ ಸೆಪ್ಟೆಂಬರ್ 1ರಂದು ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋಗಿ, ಅವರು ಹೊಡೆದುರುಳಿಸಿ, 269 ಜನ ಸತ್ತರು. ಅದಾಗಿ ಎರಡೇ ವಾರಕ್ಕೆ ರೇಗನ್ ಸರ್ಕಾರ, ಈ ವ್ಯವಸ್ಥೆ ಸಿದ್ಧವಾದಾಗ ನಾಗರಿಕರಿಗೂ ಬಿಟ್ಟುಕೊಡ್ತೀವಿ ಅಂತ ಘೋಷಿಸಿತು. ದಾರಿ ತಪ್ಪುವುದು ಅಂದ್ರೆ ಏನು ಅಂತ ಜಗತ್ತಿಗೆ ತಿಳಿಸೋಕೆ ಅಷ್ಟು ಜೀವ ಬೇಕಾಯ್ತು.

1989ರಲ್ಲಿ ಮ್ಯಾಗೆಲ್ಲನ್ ಕಂಪನಿ ಕೈಯಲ್ಲಿ ಹಿಡಿಯುವ ರಿಸೀವರ್ ಮಾರಾಟಕ್ಕೆ ಬಿಟ್ಟಿತು. ಬೆಲೆ ಸುಮಾರು 3,000 ಡಾಲರ್! ಅದೇ ವರ್ಷ ಗ್ಯಾರಿ ಬರ್ರೆಲ್ ಮತ್ತು ಮಿನ್ ಕಾವ್ ಅನ್ನೋ ಇಬ್ಬರು ಎಂಜಿನಿಯರುಗಳು ಸೇರಿ ಇನ್ನೊಂದು ಕಂಪನಿ ಕಟ್ಟಿದರು. ಇಬ್ಬರ ಹೆಸರಿನ ತುಂಡು ಜೋಡಿಸಿದರೆ ಗಾರ್ಮಿನ್. 1991ರ ಕೊಲ್ಲಿ ಯುದ್ಧದಲ್ಲಿ ಸೈನ್ಯದ ರಿಸೀವರುಗಳು ಸಾಲದೆ, ನಾಗರಿಕರ ರಿಸೀವರುಗಳನ್ನೇ ಮರುಭೂಮಿಗೆ ಕಳಿಸಬೇಕಾಯಿತು. 24 ಉಪಗ್ರಹಗಳ ಪೂರ್ಣ ಪಡೆ ಅಧಿಕೃತವಾಗಿ ಸಿದ್ಧವಾದದ್ದು 1995ರಲ್ಲಿ.

ಆದರೆ ನಮಗೆ ಸಿಗುತ್ತಿದ್ದ ಸಂಕೇತಕ್ಕೆ ಅಮೆರಿಕದವರು ಬೇಕಂತಲೇ ತಪ್ಪು ಬೆರೆಸುತ್ತಿದ್ದರು. ಸುಮಾರು 100 ಮೀಟರ್ ಆಚೀಚೆ. ಹಡಗಿನವನಿಗೆ ಅದೇನೂ ದೊಡ್ಡದಲ್ಲ. ಬೈಕಿನವನಿಗೆ? ಕವಲುದಾರಿಯಲ್ಲಿ ನಾವು ಎಡಕ್ಕೆ ಹೋದೆವೋ ಬಲಕ್ಕೋ ಅನ್ನುವುದೇ 100 ಮೀಟರಿನೊಳಗಿನ ಪ್ರಶ್ನೆ. 2000ದ ಮೇ 1ರ ಮಧ್ಯರಾತ್ರಿ ಕ್ಲಿಂಟನ್ ಆದೇಶದಂತೆ ಆ ಬೆರಕೆ ನಿಂತಿತು. ಜಗತ್ತಿನ ಅಷ್ಟೂ ರಿಸೀವರುಗಳು ಒಂದೇ ರಾತ್ರಿಯಲ್ಲಿ ಜಾಣ ಆಗಿಬಿಟ್ಟವು, ಯಾರೂ ಒಂದು ತಿರುಪೂ ಬಿಚ್ಚದೆ. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಅದೇ ವರ್ಷ ಗಾರ್ಮಿನ್‌ನ ಹಳದಿ ಇಟ್ರೆಕ್ಸ್ ಬಂತು. ಎರಡು ಪೆನ್‌ಸೆಲ್, 150 ಗ್ರಾಂ ತೂಕ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಏನಾಗದ ಡಬ್ಬಿ. ಬಿಸಿಲಿನಲ್ಲಿ ಇನ್ನೂ ಚೆನ್ನಾಗಿ ಕಾಣುವ ಕಪ್ಪು-ಬೂದು ಪರದೆ. ಮಳೆ, ಬಿಸಿಲು, ಬ್ಯಾಟರಿ ಮೂರಕ್ಕೂ ಸೈ ಅನಿಸಿಕೊಂಡ ಅಗ್ಗದ ಡಬ್ಬಿ ಅಂದ್ರೆ ಅದೇ. ನಕ್ಷೆ ಮಾತ್ರ ಇಲ್ಲ! ಖಾಲಿ ಪರದೆ ಮೇಲೆ ನೀವು ಬಂದ ದಾರಿಯ ಗೆರೆ, ಹೋಗಬೇಕಾದ ಊರಿನ ದಿಕ್ಕಿಗೆ ಒಂದು ಬಾಣ, ಅಷ್ಟೆ. ನನ್ನ ಬೂದು ಡಬ್ಬಿಯದೂ ಅದೇ ಜಾತಿ.

ನಕ್ಷೆ ಇರುವ ಡಬ್ಬಿ ತಂದವರ ಪಾಡೇನೂ ಭಾರೀ ಚೆನ್ನಾಗಿರಲಿಲ್ಲ. ವಿದೇಶದಿಂದ ಗೆಳೆಯನೊಬ್ಬ ತಂದಿದ್ದರಲ್ಲಿ ಇಂಡಿಯಾ ಅಂದ್ರೆ ನಾಲ್ಕಾರು ಹೆದ್ದಾರಿ ಗೆರೆ, ಮಧ್ಯೆ ಬಟಾಬಯಲು. ನಮ್ಮಲ್ಲಿ ನಕ್ಷೆಗಳ ಮೇಲೆ ಇದ್ದ ನಿರ್ಬಂಧ ಅಷ್ಟಿಷ್ಟಲ್ಲ. 2005ರ ನಕ್ಷಾ ನೀತಿ ಬಂದ ಮೇಲೆ ಸರ್ವೆ ಆಫ್ ಇಂಡಿಯಾ ರಕ್ಷಣೆಗೆ ಒಂದು ಸರಣಿ, ಜನಕ್ಕೆ ಒಂದು ಸರಣಿ ಅಂತ ಬೇರೆ ಮಾಡಿತು. ಪೂರ್ತಿ ಸಡಿಲವಾಗೋಕೆ 2021ರ ಫೆಬ್ರವರಿ ಬರಬೇಕಾಯ್ತು. ಆ ನಡುವಿನ ಬಟಾಬಯಲನ್ನ ತುಂಬಿದವರು ಯಾರು ಗೊತ್ತಾ? ಮ್ಯಾಪ್‌ಮೈಇಂಡಿಯಾದಂಥ ನಮ್ಮವೇ ಕಂಪನಿಗಳು ಒಂದು ಕಡೆ. ಇನ್ನೊಂದು ಕಡೆ ಸಾಮಾನ್ಯ ಜನ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ನಮ್ಮ ಡಬ್ಬಿಯ ಗೆರೆಗಳನ್ನು ಏರಿಸಿದರೆ ಅದೇ ರಸ್ತೆ ಆಗುತ್ತಿತ್ತು. 2008ರಲ್ಲಿ ಬಂದ ಗೂಗಲ್ ಮ್ಯಾಪ್ ಮೇಕರ್ ಹುಟ್ಟಿದ್ದು ನಮ್ಮ ಬೆಂಗಳೂರಿನ ಕಚೇರಿಯಲ್ಲೇ, ಲಲಿತೇಶ್ ಕಾಟ್ರಗಡ್ಡ ಮತ್ತವರ ಜೊತೆಯವರಿಂದ. 2017ರಲ್ಲಿ ಅದನ್ನು ಮುಚ್ಚಿದರು. ನಾನು ಬರೆದ ಎರಡು ಮಣ್ಣುರಸ್ತೆ ಈಗಲೂ ನಕ್ಷೆಯಲ್ಲಿದೆ ಅಂತ ಹೇಳಿಕೊಂಡು ತಿರುಗ್ತೀನಿ, ನಂಬೋರು ನಂಬಬಹುದು :-)

ಈಗ ಕಟ್ಟುವ ವಿಚಾರಕ್ಕೆ ಬರ್ತೀನಿ. ಉಪಗ್ರಹದಿಂದ ಹ್ಯಾಂಡಲ್ ತನಕ ಇಪ್ಪತ್ತು ಸಾವಿರ ಕಿಲೋಮೀಟರ್ ದಾರಿಯನ್ನ ಯಾರೋ ಪುಕ್ಕಟೆ ನೋಡಿಕೊಂಡಿದ್ದಾರೆ. ಹ್ಯಾಂಡಲ್ಲಿನಿಂದ ನಮ್ಮ ಕಣ್ಣಿನ ತನಕ ಇರುವ ಎರಡಡಿ ಮಾತ್ರ ನಮ್ಮ ಜವಾಬ್ದಾರಿ. ಆ ಎರಡಡಿಯಲ್ಲೇ ನಾನು ಎಡವಿದ್ದು.

2008ರ ಜುಲೈ. ಬೆಂಗಳೂರಿಂದ ಉಜಿರೆಗೆ, ಹಾಸನ, ಬೇಲೂರು, ಮೂಡಿಗೆರೆ ದಾರಿ. ಹಿಂದೆ ಗೆಳೆಯ ಕೂತಿದ್ದ (ಅವನೂ ಈ ಬ್ಲಾಗ್ ಓದ್ತಾನೆ, ಹೆಸರು ಬರೆದರೆ ಬೈತಾನೆ). ಡಬ್ಬಿಯನ್ನ ಹ್ಯಾಂಡಲ್ಲಿನ ನಟ್ಟನಡುವೆ, ಪೆಟ್ರೋಲ್ ಟ್ಯಾಂಕಿನ ಮೇಲ್ಗಡೆ, ಸೈಕಲ್ ಟ್ಯೂಬು ಸುತ್ತಿ ಎರಡು ಕೇಬಲ್ ಟೈ ಬಿಗಿದು ಕೂರಿಸಿದ್ದೆ. ನೂರು ರೂಪಾಯಿಯೂ ಖರ್ಚಿಲ್ಲ ಅಂತ ಹೆಮ್ಮೆ ಬೇರೆ.

ಒಂಟಿ ಸಿಲಿಂಡರಿನ ಬೈಕಿನ ನಡುಕ ಪೆನ್‌ಸೆಲ್‌ಗೆ ಆಗಿಬರುವುದಿಲ್ಲ. ಗುಂಡಿಗೆ ಇಳಿದಾಗ ಸೆಲ್ ಸ್ಪ್ರಿಂಗಿನಿಂದ ಕೂದಲೆಳೆಯಷ್ಟು ಹಾರುತ್ತೆ, ಡಬ್ಬಿ ಆಫ್. ಹಾಸನ ದಾಟೋದ್ರೊಳಗೆ ಮೂರು ಸಲ ಆಯ್ತು. ಸೆಲ್ ಸುತ್ತ ಕಾಗದ ಮಡಿಚಿ ತುರುಕಿದರೆ ಸರಿಹೋಗುತ್ತೆ ಅಂತ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟೆವು. ಅಲ್ಲಿ ಒಂದು ದಾರಿ ಕಳಸದ ಕಡೆಗೆ, ಇನ್ನೊಂದು ಚಾರ್ಮಾಡಿ ಘಾಟಿಗೆ. ಬಾಣ ನೇರ ಉಜಿರೆ ಕಡೆಗೆ ತೋರಿಸ್ತಾ ಇತ್ತು, ಕಾಗೆ ಹಾರುವ ದಾರಿಯಲ್ಲಿ! ಘಾಟಿಯ ತಿರುವಿನಲ್ಲಿ ಬಾಣವೂ ಬುಗುರಿಯ ಹಾಗೆ ತಿರುಗುತ್ತೆ. ಅದನ್ನ ನೋಡುವ ಅಗತ್ಯವೇ ಇರಲಿಲ್ಲ, ಇರೋದು ಒಂದೇ ರಸ್ತೆ. ಆದರೂ ನೋಡ್ತಿದ್ದೆ. ಹೊಸ ಆಟಿಕೆ ನೋಡಿ.

ಮಂಜು, ಮಳೆ. ಒಂದು ಗುಂಡಿ. ಡಬ್ಬಿ ಆಫ್. ಆನ್ ಮಾಡುವ ಗುಂಡಿ ಇದ್ದದ್ದು ಬಲಪಕ್ಕದಲ್ಲಿ. ಬಲಗೈ ಆಕ್ಸಿಲರೇಟರಿನ ಮೇಲೆ, ಹಾಗಾಗಿ ಎಡಗೈಯನ್ನ ಅಡ್ಡ ಚಾಚಿ, ತಲೆ ಬಗ್ಗಿಸಿ ಒತ್ತಿದೆ. ತಲೆ ಎತ್ತಿದಾಗ ತಿರುವಿನಲ್ಲಿ ಲಾರಿಯ ದೀಪ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಹೆಚ್ಚುಕಮ್ಮಿ 17 ಮೀಟರ್ ಹೋಗ್ತೀವಿ. ನಾನು ಅದರ ಅರ್ಧ ವೇಗದಲ್ಲಿದ್ದೆ, ಅದಕ್ಕೇ ಈ ಬ್ಲಾಗ್ ಬರೀತಾ ಇದೀನಿ. ಎಡಕ್ಕೆ ಎಳೆದೆ, ಚರಂಡಿಗೆ ಬಿದ್ದೆವು. ನನಗೆ ಕೈ ತರಚಿತು, ಕನ್ನಡಿ ಒಡೆಯಿತು. ಗೆಳೆಯನ ಮಂಡಿ ಬೈಕಿನ ಅಡಿ ಸಿಕ್ಕಿಕೊಂಡಿತು. ಲಾರಿ ಡ್ರೈವರ್ ಇಳಿದು ಬಂದು ಬೈಕ್ ಎತ್ತಿ, "ಎಂತ ಮಾರಾಯ್ರೆ, ಕೆಳಗೆ ಎಂತ ನೋಡ್ಲಿಕ್ಕುಂಟು?" ಅಂದ. ಅದಕ್ಕೆ ನನ್ನ ಹತ್ತಿರ ಆವತ್ತೂ ಉತ್ತರ ಇರಲಿಲ್ಲ.

ಬೈಕಿಗೇ ಅಂತ ಮಾಡಿದ ಸಾಧನ ಆ ಹೊತ್ತಿಗೆ ಬಂದಾಗಿತ್ತು. 2005ರಲ್ಲಿ ಟಾಮ್‌ಟಾಮ್ ರೈಡರ್, 2006ರಲ್ಲಿ ಗಾರ್ಮಿನ್‌ನ ಝೂಮೋ 550. ಝೂಮೋದ ಗುಂಡಿಗಳೆಲ್ಲ ಎಡಪಕ್ಕದಲ್ಲಿ, ಕೈಗವಸು ಹಾಕಿಕೊಂಡೇ ಒತ್ತುವಷ್ಟು ದೊಡ್ಡವು. ಅದನ್ನ ಮಾಡಿದವರಲ್ಲಿ ಯಾರೋ ಒಬ್ಬ ಬೈಕಿನವನು ಇದ್ದಿರಲೇಬೇಕು ಅಂತ ನನ್ನ ಲೆಕ್ಕ. ಬೆಲೆ ಸಾವಿರ ಡಾಲರಿನ ಹತ್ತಿರ. ನನ್ನ ಬೈಕನ್ನೇ ಮಾರಿದರೂ ಬರುತ್ತಿರಲಿಲ್ಲ ಬಿಡಿ. ಅದಕ್ಕೇ ಅಗ್ಗದ ದಾರಿ ಹುಡುಕಿದವರು ಕಾರಿನ ಡಬ್ಬಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿದರು. ಮಳೆಗೆ ಒಳಗೇ ಬೆವರು, ಬಿಸಿಲಿಗೆ ಪರದೆ ಕಾಣದು.

ಕಟ್ಟುವ ಸಮಸ್ಯೆ ಬಿಡಿಸಿದ್ದು ಎಲೆಕ್ಟ್ರಾನಿಕ್ಸ್ ಅಲ್ಲ, ರಬ್ಬರು. ಅಮೆರಿಕದ ರ‍್ಯಾಮ್ ಮೌಂಟ್‌ನವರು ಒಂದಿಂಚಿನ ಗುಂಡಿಗೆ ರಬ್ಬರ್ ಹೊದಿಸಿ, ಎರಡು ಹೋಳಿನ ತೋಳಿನ ಮಧ್ಯೆ ಸಿಕ್ಕಿಸಿ ಕಿವಿತಿರುಪು ಬಿಗಿಯುವ ಹಾಗೆ ಮಾಡಿದರು. ಯಾವ ಕೋನಕ್ಕೆ ಬೇಕಾದರೂ ತಿರುಗುತ್ತೆ, ಬಿಗಿದರೆ ಅಲ್ಲೇ ನಿಲ್ಲುತ್ತೆ, ನಡುಕವನ್ನೂ ಅಷ್ಟಿಷ್ಟು ನುಂಗುತ್ತೆ. ಈಗ ನಮ್ಮ ಬಿಡಿಭಾಗದ ಅಂಗಡಿಗಳಲ್ಲಿ ಅದರ ನಕಲು ಧಾರಾಳ. ನಾನು ಆಮೇಲೆ ಕನ್ನಡಿಯ ಕಂಬದ ಬುಡಕ್ಕೆ ಅಂಥದೊಂದನ್ನು ಹಾಕಿಸಿ ಡಬ್ಬಿಯನ್ನ ಸ್ಪೀಡೋಮೀಟರಿನ ಎತ್ತರಕ್ಕೆ ತಂದೆ. ರಸ್ತೆ ನೋಡ್ತಾ ಇದ್ದ ಹಾಗೇ ಕಣ್ಣಂಚಿಗೆ ಕಾಣಬೇಕು, ತಲೆ ಬಗ್ಗಬಾರದು. ಅಗ್ಗದ್ದೋ ದುಬಾರಿಯದ್ದೋ, ಡಬ್ಬಿ ಆರಿಸುವ ಮೊದಲು ಆರಿಸಬೇಕಾದ್ದು ಈ ಜಾಗ. ಕರೆಂಟು ಎಳೆಯುವುದಾದರೆ ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ತಂತಿಯಿಂದ, ನಡುವೆ ಒಂದು ಫ್ಯೂಸ್ ಹಾಕಿ. ಆಗಿನ ಸಣ್ಣ ಬೈಕುಗಳ ಬ್ಯಾಟರಿ ಎರಡೂವರೆ ಆಂಪಿಯರ್-ಅವರ್ ಅಷ್ಟೆ. ನೇರ ಬ್ಯಾಟರಿಗೆ ಸಿಕ್ಕಿಸಿ ಮರೆತರೆ ಬೆಳಿಗ್ಗೆ ಕಿಕ್ ಹೊಡೆದು ಹೊಡೆದು ಕಾಲು ನೋವು.

ಅಲ್ಲಿಂದ ಮುಂದಿನದು ನಿಮಗೆಲ್ಲ ಗೊತ್ತಿರುವುದೇ. 2010ರ ಜನವರಿಯಲ್ಲಿ ನೋಕಿಯಾ ತನ್ನ ಫೋನುಗಳಲ್ಲಿ ದಾರಿ ತೋರಿಸುವುದನ್ನ ಪುಕ್ಕಟೆ ಮಾಡಿತು. ಆಂಡ್ರಾಯ್ಡ್ ಬಂತು. 2017ರ ಡಿಸೆಂಬರಿನಲ್ಲಿ ಗೂಗಲ್ ಮ್ಯಾಪ್ಸ್‌ನಲ್ಲಿ ದ್ವಿಚಕ್ರದವರಿಗೆ ಅಂತಲೇ ಬೇರೆ ದಾರಿ ಶುರುವಾದದ್ದು ಮೊದಲು ನಮ್ಮ ದೇಶದಲ್ಲೇ. 2020ರಲ್ಲಿ ರಾಯಲ್ ಎನ್‌ಫೀಲ್ಡ್ ಮೀಟಿಯೋರ್‌ಗೆ ಟ್ರಿಪ್ಪರ್ ಅನ್ನೋ ಪುಟ್ಟ ಗಡಿಯಾರದಂಥ ಪರದೆ ಕೊಟ್ಟಿತು. ಅದರಲ್ಲಿ ಮತ್ತೆ ನಕ್ಷೆ ಇಲ್ಲ, ಬಾಣ ಮಾತ್ರ! ಇಪ್ಪತ್ತು ವರ್ಷ ಸುತ್ತಿ ಇಟ್ರೆಕ್ಸ್ ಹತ್ತಿರಕ್ಕೇ ಬಂದ ಹಾಗಾಯ್ತು. ಆದರೆ ಈ ಬಾಣ ತಿರುವು ತಿಳಿದ ಬಾಣ.

ಫೋನನ್ನೇ ಕಟ್ಟುವವರು ಒಂದು ಮಾತು ಕೇಳಿ. 2021ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿಯೇ ಎಚ್ಚರಿಕೆ ಕೊಟ್ಟಿದೆ. ಜೋರು ಇಂಜಿನ್ನಿನ ಬೈಕಿನ ನಡುಕ ಕ್ಯಾಮೆರಾದೊಳಗಿನ ಅಲುಗಾಟ ತಡೆಯುವ ಭಾಗವನ್ನ ಕೆಡಿಸಬಹುದು ಅಂತ. ಮಳೆಹನಿ ಬಿದ್ದರೆ ಪರದೆ ತಾನೇ ಒತ್ತಿಕೊಂಡು ಎಲ್ಲಿಗೋ ಹೋಗುತ್ತೆ, ಅದು ಬೇರೆ ಕಥೆ. ನಾನೀಗ ಮಾಡುವುದು ಇಷ್ಟು: ಆ ಭಾಗವೇ ಇಲ್ಲದ ಹಳೇ ಅಗ್ಗದ ಫೋನಿಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆ ಮೊದಲೇ ಇಳಿಸಿಕೊಂಡು, ನೀರು ಹೋಗದ ಡಬ್ಬದಲ್ಲಿ ಹಾಕಿ, ಅದೇ ರಬ್ಬರ್ ಗುಂಡಿಗೆ. ಸಿಮ್ಮೂ ಬೇಡ. ಒಳ್ಳೇ ಫೋನು ಜೇಬಿನಲ್ಲಿ.

ಹಾಂ, ಬೂದು ಡಬ್ಬಿ. ಅಂಟು ಒರೆಸಿ, ಎರಡು ಹೊಸ ಸೆಲ್ ಹಾಕಿ ಮಹಡಿ ಮೇಲೆ ಇಟ್ಟೆ. ಐದಾರು ನಿಮಿಷ ಆಕಾಶ ಹುಡುಕಿ ನಮ್ಮ ಮನೆ ಜಾಗವನ್ನ ಸರಿಯಾಗೇ ಹೇಳಿತು. ದಿನಾಂಕ ಮಾತ್ರ ಹತ್ತೊಂಬತ್ತೂವರೆ ವರ್ಷ ಹಿಂದಿನದು! ಜಿಪಿಎಸ್ ಸಂಕೇತದಲ್ಲಿ ವಾರ ಎಣಿಸುವ ಮೀಟರು 1024 ವಾರಕ್ಕೊಮ್ಮೆ ಸೊನ್ನೆಗೆ ಬರುತ್ತೆ, ಹಳೇ ಸ್ಕೂಟರಿನ ಮೀಟರ್ ತಿರುಗಿ ಸೊನ್ನೆಯಾದ ಹಾಗೆ. 2019ರ ಏಪ್ರಿಲ್ 6ರ ರಾತ್ರಿ ಹಾಗಾದಾಗ ಇಂಥ ಹಳೇ ಡಬ್ಬಿಗಳು ಎಷ್ಟೋ ಗೊಂದಲಕ್ಕೆ ಬಿದ್ದವು. ಇದರ ಪಾಲಿಗೆ ನಾವೆಲ್ಲ ಇನ್ನೂ ಬರಹದಲ್ಲಿ ಟೈಪ್ ಮಾಡಿ, ಯೂನಿಕೋಡಿಗೆ ತಿರುಗಿಸಿ, ಒತ್ತಕ್ಷರ ಸರಿ ಬಂತಾ ಅಂತ ನೋಡ್ತಾ ಕೂತಿರುವ ಕಾಲವೇ.

ಹಳೇ ಗೆರೆಗಳನ್ನ ತೆಗೆದು ನೋಡಿದೆ. ಚಾರ್ಮಾಡಿಯದೂ ಇತ್ತು. ಕೊಟ್ಟಿಗೆಹಾರದಿಂದ ಹಾವಿನ ಹಾಗೆ ಇಳಿದು ಬಂದು, ಒಂದು ತಿರುವಿನಲ್ಲಿ ತುಂಡಾಗಿ, ಅರ್ಧ ಕಿಲೋಮೀಟರ್ ಆಚೆಯಿಂದ ಮತ್ತೆ ಶುರುವಾಗುತ್ತೆ. ಪರದೆಯ ಫೋಟೋ ತೆಗೆದು ಗೆಳೆಯನಿಗೆ ಕಳಿಸಿ, "ನಡುವೆ ಏನಾಯ್ತು ಅಂತ ಇದಕ್ಕೆ ಗೊತ್ತೇ ಇಲ್ಲ ನೋಡೋ" ಅಂತ ಬರೆದೆ.

ಹತ್ತು ನಿಮಿಷಕ್ಕೆ ಉತ್ತರ ಬಂತು. "ನನ್ನ ಮಂಡಿನ ಕೇಳು, ಹೇಳುತ್ತೆ. ಇವತ್ತು ಇಲ್ಲಿ ಮಳೆ."