ಜನರಲ್ ರೌನಿಯ 308ರ ಹಠ

1979ರ ಜೂನ್ 18. ವಿಯೆನ್ನಾದಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಮತ್ತು ಸೋವಿಯತ್ ನಾಯಕ ಬ್ರೆಜ್ನೆವ್ ಸಾಲ್ಟ್-2 ಅಣ್ವಸ್ತ್ರ ಒಪ್ಪಂದಕ್ಕೆ ಸಹಿ ಹಾಕ್ತಾರೆ. ಕೆನ್ನೆಗೆ ಕೆನ್ನೆ ತಾಗಿಸಿ ಅಪ್ಪಿಕೊಳ್ತಾರೆ. ಕ್ಯಾಮೆರಾಗಳೆಲ್ಲ ಅಲ್ಲೇ ಇದ್ದವು. ಆದರೆ ಅಮೆರಿಕದ ಸೇನಾ ಮುಖ್ಯಸ್ಥರ ಪ್ರತಿನಿಧಿಯಾಗಿ 1973ರಿಂದ ಅದೇ ಮಾತುಕತೆಯ ಮೇಜಿನಲ್ಲಿ ಕೂತಿದ್ದ ಲೆಫ್ಟಿನೆಂಟ್ ಜನರಲ್ ಎಡ್ವರ್ಡ್ ರೌನಿ ಅದೇ ತಿಂಗಳು ಸಮವಸ್ತ್ರ ಕಳಚಿಟ್ಟು ಹೊರಬಂದರು. ಬಂದವರೇ ಸೆನೆಟ್ ಮುಂದೆ ನಿಂತು, ಈ ಒಪ್ಪಂದ ಬೇಡ ಅಂದರು.

ಯಾರೀ ಮನುಷ್ಯ? ಓದಿದ್ದು ಇಂಜಿನಿಯರಿಂಗ್. 1950ರ ಚಳಿಗಾಲದಲ್ಲಿ ಕೊರಿಯಾದ ಚೋಸಿನ್‌ನಲ್ಲಿ ಚೀನಾ ಸೈನ್ಯ ಅಮೆರಿಕನ್ ಪಡೆಯನ್ನ ಸುತ್ತುವರಿದಿತ್ತು. ಹಿಂದಕ್ಕೆ ಬರೋ ದಾರಿಯ ಸೇತುವೆ ಒಡೆದುಹೋಗಿತ್ತು. ಆಗ ಸೇತುವೆಯ ತುಂಡುಗಳನ್ನೇ ಪ್ಯಾರಾಚೂಟ್ ಕಟ್ಟಿ ವಿಮಾನದಿಂದ ಇಳಿಸಿದರಲ್ಲ, ಆ ಕೆಲಸದ ಹಿಂದಿದ್ದವರಲ್ಲಿ ರೌನಿ ಒಬ್ಬರು. ಸಿವಿಲ್ ಓದಿದವರು ಇದನ್ನ ಒಮ್ಮೆ ಊಹಿಸಿಕೊಳ್ಳಿ!

ಇಂಥವರಿಗೆ ಸಾಲ್ಟ್-2ರ ಮೇಲೆ ಸಿಟ್ಟೇಕೆ? ನೋಡಿ, ಲೆಕ್ಕ ಸರಳ. ಸೋವಿಯತ್ ಹತ್ರ ಭಾರಿ ಕ್ಷಿಪಣಿಗಳಿಗೆ 308 ಲಾಂಚರ್ ಇದ್ದವು. ಒಂದೊಂದು ಎಸ್ಎಸ್-18 ಕ್ಷಿಪಣಿಗೂ ಹತ್ತು ಸಿಡಿತಲೆಗಳವರೆಗೆ ಅವಕಾಶ. ಅಂದ್ರೆ ಮೂರು ಸಾವಿರಕ್ಕೂ ಹೆಚ್ಚು. ಒಪ್ಪಂದ ಅದರಲ್ಲಿ ಒಂದನ್ನೂ ಕಡಿಮೆ ಮಾಡಲಿಲ್ಲ. ಅಮೆರಿಕಕ್ಕೆ ಅಂಥ ಕ್ಷಿಪಣಿ ಇಟ್ಟುಕೊಳ್ಳೋ ಹಕ್ಕನ್ನೂ ಕೊಡಲಿಲ್ಲ. ಮಿತಿ ಹಾಕೋದು ಬೇರೆ, ಕಡಿತ ಮಾಡೋದು ಬೇರೆ ಅನ್ನೋದು ರೌನಿ ವಾದ.

ಅದೇ ಡಿಸೆಂಬರ್‌ನಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಸೆನೆಟ್ ಸಾಲ್ಟ್-2ಕ್ಕೆ ಒಪ್ಪಿಗೆ ಕೊಡಲೇ ಇಲ್ಲ. 1981ರಲ್ಲಿ ರೇಗನ್ ಬಂದರು, ರೌನಿಯನ್ನೇ ಮುಖ್ಯ ಸಂಧಾನಕಾರ ಮಾಡಿದರು. ಬೇಡ ಅಂದವನಿಗೇ ಈಗ ಮಾಡಿ ತೋರಿಸೋ ಜವಾಬ್ದಾರಿ! 1982ರ ಜೂನ್ ಕೊನೆಗೆ ಜಿನೀವಾದಲ್ಲಿ ಸ್ಟಾರ್ಟ್ ಮಾತುಕತೆ ಶುರು. ಎದುರಿಗೆ ವಿಕ್ಟರ್ ಕಾರ್ಪೋವ್. ಮುಂದಿನ ವರ್ಷ ಯುರೋಪಿಗೆ ಪರ್ಶಿಂಗ್-2 ಕ್ಷಿಪಣಿ ಬಂದಿಳಿದಾಗ ಸೋವಿಯತ್ ಕಡೆಯವರು ಮುಂದಿನ ದಿನಾಂಕವನ್ನೂ ಹೇಳದೆ ಎದ್ದರು. 1985ರಲ್ಲಿ ಮಾತುಕತೆ ಮತ್ತೆ ಆರಂಭವಾದಾಗ ಆ ಕುರ್ಚಿ ಜಾನ್ ಟವರ್ ಪಾಲಾಯ್ತು, ರೌನಿ ಸಲಹೆಗಾರರಾದರು.

ರೌನಿ ಹಠಮಾರಿ, ಮಾತುಕತೆ ಕೆಡಿಸಿದವರು ಅನ್ನೋರಿದ್ದಾರೆ. ನನಗೆ ಅದು ಅರ್ಧ ಸತ್ಯ ಅನ್ಸುತ್ತೆ. ಇಲ್ಲಿ ಗೋರ್ಬಚೇವ್ ಪಾತ್ರವನ್ನ ಮರೆಯೋ ಹಾಗಿಲ್ಲ. ಸೋವಿಯತ್ ಖಜಾನೆ ಬರಿದಾಗದೇ ಇದ್ದಿದ್ರೆ ಬರೀ ಹಠದಿಂದ ಏನೂ ಆಗ್ತಿರಲಿಲ್ಲ. ಆದರೆ 1991ರ ಜುಲೈ 31ರಂದು ಮಾಸ್ಕೋದಲ್ಲಿ ಬುಷ್ ಮತ್ತು ಗೋರ್ಬಚೇವ್ ಸಹಿ ಹಾಕಿದ ಸ್ಟಾರ್ಟ್-1 ಒಪ್ಪಂದದಲ್ಲಿ ಆ ಭಾರಿ ಕ್ಷಿಪಣಿಗಳಿಗೆ ಬರೆದ ಸಂಖ್ಯೆ ನೋಡಿ: 154. ಸರಿಯಾಗಿ 308ರ ಅರ್ಧ.