ಅಮೆರಿಕದ ಅಂತರ್ಯುದ್ಧವೂ ಧಾರವಾಡದ ಎರೆಭೂಮಿಯೂ

ಅಮೆರಿಕದ ಚರಿತ್ರೆಯ ತಿಳಿವಳಿಕೆಯನ್ನು ಪರೀಕ್ಷಿಸುವ ಪ್ರಶ್ನಪತ್ರಿಕೆಗಳಿಗೆ ಒಂದು ಸಿದ್ಧ ಮಾದರಿಯಿದೆ. ಹತ್ತಿ ಬಿಡಿಸುವ ಯಂತ್ರವನ್ನು ರೂಪಿಸಿದವರು ಯಾರು? ಅಂತರ್ಯುದ್ಧ ಯಾವ ವರ್ಷ ಆರಂಭವಾಯಿತು? ಗುಲಾಮರ ವಿಮೋಚನಾ ಘೋಷಣೆ ಜಾರಿಗೆ ಬಂದ ದಿನ ಯಾವುದು? ಯುದ್ಧ ಎಂದು ಮುಗಿಯಿತು? ಎಲಿ ವಿಟ್ನಿ, 1861, 1863ರ ಜನವರಿ 1, 1865 ಎಂದು ಬರೆದ ವಿದ್ಯಾರ್ಥಿ ಉತ್ತೀರ್ಣನಾಗುತ್ತಾನೆ. ಉತ್ತರಗಳು ಸರಿಯೇ. ಆದರೆ ಈ ನಾಲ್ಕೂ ಉತ್ತರಗಳು ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಯಂಥ ಎರೆಭೂಮಿಯ ಊರುಗಳ ಬದುಕನ್ನು ಒಮ್ಮೆ ಬುಡಮಟ್ಟ ಅಲುಗಿಸಿದ್ದವು ಎಂಬುದು ಪಠ್ಯಪುಸ್ತಕಗಳಲ್ಲಿ ಕಾಣಸಿಗುವುದಿಲ್ಲ. ಅಮೆರಿಕದ ಚರಿತ್ರೆ ಬೇರೆ, ನಾಡಿನ ಚರಿತ್ರೆ ಬೇರೆ ಎಂದು ಎರಡು ಪತ್ರಿಕೆಗಳಾಗಿ ವಿಂಗಡಿಸಿ ಓದುವ ಕ್ರಮವೇ ಇದಕ್ಕೆ ಕಾರಣ. ಆ ಎರಡನ್ನೂ ಒಂದೆಡೆ ಕೂಡಿಸಿ ನೋಡಿದಾಗ ಹೊರಡುವ ಚಿತ್ರ ಬೇರೆಯೇ ಆಗಿದೆ.

ಬೀಜ ಬಂದ ಬಗೆ

ಧಾರವಾಡ ಸೀಮೆಯ ಎರೆಭೂಮಿಗೆ ಹತ್ತಿ ಹೊಸದಲ್ಲ. ಇಲ್ಲಿ ಬಹುಕಾಲದಿಂದ ಬೆಳೆಯುತ್ತಿದ್ದುದು ಜವಾರಿ ಹತ್ತಿ. ಘಟ್ಟವಿಳಿದು ಕುಮಟಾ ಬಂದರಿನ ಮೂಲಕ ಮುಂಬಯಿಗೆ ಸಾಗುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಬೆಳೆದ ಊರಿನ ಹೆಸರು ಅಳಿದು ಸಾಗಿಸಿದ ಬಂದರಿನ ಹೆಸರು ಉಳಿದದ್ದು ವ್ಯಾಪಾರದ ದೃಷ್ಟಿ ಎಂಥದೆಂಬುದಕ್ಕೆ ಒಂದು ಸೂಚನೆ.

ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಈ ಗಿಡ್ಡ ಎಳೆಯ ಹತ್ತಿ ಹಿಡಿಸುತ್ತಿರಲಿಲ್ಲ. ಅವುಗಳಿಗೆ ಬೇಕಾಗಿದ್ದುದು ಅಮೆರಿಕದ ದಕ್ಷಿಣ ರಾಜ್ಯಗಳ ಉದ್ದ ಎಳೆಯ ಹತ್ತಿ. ಒಂದೇ ದೇಶವನ್ನು, ಅದರಲ್ಲಿಯೂ ಗುಲಾಮರ ದುಡಿಮೆಯನ್ನು ನಂಬಿ ನಿಂತ ಪೂರೈಕೆ ಎಂದಾದರೂ ಕೈಕೊಡಬಹುದೆಂಬ ಆತಂಕ ಗಿರಣಿಯ ಮಾಲಿಕರಿಗೆ ಮೊದಲೇ ಇತ್ತು. ಆದುದರಿಂದ ಈಸ್ಟ್ ಇಂಡಿಯಾ ಕಂಪನಿಯು ಕ್ಯಾಪ್ಟನ್ ಬೇಲ್ಸ್ ಎಂಬ ಅಧಿಕಾರಿಯನ್ನು ಅಮೆರಿಕಕ್ಕೆ ಕಳಿಸಿ, ಹತ್ತಿ ಬೇಸಾಯದಲ್ಲಿ ನುರಿತ ಹತ್ತು ಮಂದಿ ತೋಟಗಾರರನ್ನು 1840ರಲ್ಲಿ ಭಾರತಕ್ಕೆ ಕರೆತಂದಿತು. ಅವರನ್ನು ಬಂಗಾಳ, ಮದ್ರಾಸ್, ಮುಂಬಯಿ ಆಧಿಪತ್ಯಗಳಿಗೆ ಹಂಚಲಾಯಿತು. ಬಹುತೇಕ ಎಡೆಗಳಲ್ಲಿ ಈ ಪ್ರಯೋಗ ಸೋತಿತು. ಸೋಲದೆ ನಿಂತ ಮುಖ್ಯ ಪ್ರದೇಶ ಧಾರವಾಡ ಜಿಲ್ಲೆ.

ಇದಕ್ಕೆ ಕಾರಣ ನೆಲದಲ್ಲಿಯೂ ಮಳೆಯಲ್ಲಿಯೂ ಇದೆ. ಧಾರವಾಡದ ಪೂರ್ವಭಾಗದ ಎರೆಭೂಮಿ ತೇವವನ್ನು ಬಹುಕಾಲ ಹಿಡಿದಿಡುತ್ತದೆ. ಮುಂಗಾರು ಮುಗಿದ ಮೇಲೆ ಹಿಂಗಾರಿನ ಮಳೆಯೂ ಈ ಭಾಗಕ್ಕೆ ದಕ್ಕುತ್ತದೆ. ಆಗಸ್ಟ್–ಸೆಪ್ಟೆಂಬರಿನಲ್ಲಿ ಬಿತ್ತಿದ ನ್ಯೂ ಓರ್ಲಿಯನ್ಸ್ ತಳಿ ಹಿಂಗಾರಿನ ಹನಿಯಿಂದ ಚೇತರಿಸಿಕೊಂಡು ಬೇಸಿಗೆಯ ಮೊದಲಿಗೆ ಕಾಯಿ ಬಿರಿಯುತ್ತಿತ್ತು. ಆಗಿನ ಕಲೆಕ್ಟರ್ ಶಾ ಇದರಲ್ಲಿ ವಿಶೇಷ ಆಸ್ಥೆ ವಹಿಸಿ ರೈತರಿಗೆ ಬೀಜ ಹಂಚಿಸಿದರು. ಜನರು ಈ ಹೊಸ ಬೆಳೆಯನ್ನು ‘ವಿಲಾಯ್ತಿ ಹತ್ತಿ’ ಎಂದರು. ಪೇಟೆಯಲ್ಲಿ ಅದು ‘ಧಾರವಾಡ–ಅಮೆರಿಕನ್’ ಎನಿಸಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಧಾರವಾಡದಲ್ಲಿ ಕೆಲಸ ಮಾಡಿದ ಅಮೆರಿಕದ ತೋಟಗಾರ ಮರ್ಸರ್, ಸರಕಾರದ ಪ್ರಾಯೋಗಿಕ ತೋಟಗಳು ವ್ಯರ್ಥ ವೆಚ್ಚವೆಂದೂ, ಅಮೆರಿಕದ ಬೇಸಾಯ ಪದ್ಧತಿ ಈ ದೇಶಕ್ಕೆ ಒಗ್ಗದೆಂದೂ, ತಮ್ಮ ಹವೆ ಮತ್ತು ಮಣ್ಣನ್ನು ಅರಿತ ಇಲ್ಲಿನ ರೈತರೇ ಯುರೋಪಿಯನ್ನರಿಗಿಂತ ಉತ್ತಮವಾಗಿ, ಕಡಿಮೆ ಖರ್ಚಿನಲ್ಲಿ ಬೆಳೆಯಬಲ್ಲರೆಂದೂ ಅಭಿಪ್ರಾಯಪಟ್ಟ. ಕಲಿಸಲು ಬಂದವನು ಕಲಿತು ಹೋದ ಪ್ರಸಂಗವಿದು. ಬಂದ ಬೀಜ ಉಳಿಯಿತು. ಬಂದ ಪದ್ಧತಿ ಉಳಿಯಲಿಲ್ಲ. ಗುಲಾಮರಿಂದ ಮಾಡಿಸುತ್ತಿದ್ದ ಬೇಸಾಯವನ್ನು ತನ್ನ ಹೊಲದಲ್ಲಿ ತಾನೇ ದುಡಿಯುವ ರೈತ ಮಾಡಿ ತೋರಿಸಿದ್ದನು. ಆದರೆ ಅವನ ಮೇಲೆ ಕಂದಾಯದ ಭಾರ ಬೇರೆ ಇತ್ತು.

ಗರಗಸದ ಜಿನ್

1793ರಲ್ಲಿ ವಿಟ್ನಿ ರೂಪಿಸಿದ ಯಂತ್ರದ ಮಹತ್ವ ಧಾರವಾಡದವರಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಜವಾರಿ ಹತ್ತಿಯಲ್ಲಿ ಕಾಳಿನಿಂದ ಅರಳೆಯನ್ನು ಬೇರ್ಪಡಿಸುವುದು ಹೆಣ್ಣುಮಕ್ಕಳ ಕೆಲಸವಾಗಿತ್ತು. ಚಪ್ಪಟೆ ಕಲ್ಲಿನ ಮೇಲೆ ಹತ್ತಿಯನ್ನಿಟ್ಟು ಕಬ್ಬಿಣದ ಸರಳನ್ನು ಪಾದಗಳಿಂದ ಉರುಳಿಸಿ ಕಾಳು ಹೊರಡಿಸುತ್ತಿದ್ದರು. ವಿಲಾಯ್ತಿ ಹತ್ತಿಯ ಎಳೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಈ ಕ್ರಮ ಸಾಗಲಿಲ್ಲ. ಬೀಜದ ಬೆನ್ನಿಗೇ ಯಂತ್ರವೂ ಬರಬೇಕಾಯಿತು. ಸರಕಾರವು ಧಾರವಾಡದಲ್ಲಿ ಜಿನ್ ತಯಾರಿಸುವ ಕಾರ್ಖಾನೆಯನ್ನೇ ನಡೆಸಿತು; ಡಾ. ಫೋರ್ಬ್ಸ್ ಅದರ ಮೇಲ್ವಿಚಾರಕರಾಗಿದ್ದರು. ಇಲ್ಲಿನ ಬಡಗಿ ಕಮ್ಮಾರರು ಗರಗಸದ ಜಿನ್‌ಗಳನ್ನು ಮಾಡುವುದನ್ನೂ ದುರಸ್ತಿಗೊಳಿಸುವುದನ್ನೂ ಕಲಿತರು. ಉತ್ತರ ಕರ್ನಾಟಕದಲ್ಲಿ ಯಂತ್ರಕುಶಲತೆಯ ಆರಂಭವನ್ನು ಹುಡುಕುವವರು ರೈಲ್ವೆಯಿಂದ ತೊಡಗದೆ ಈ ಕಾರ್ಖಾನೆಯಿಂದ ತೊಡಗುವುದು ಯುಕ್ತ.

1861ರಿಂದ 1865

1861ರ ಏಪ್ರಿಲ್ 12ರಂದು ಫೋರ್ಟ್ ಸಮ್ಟರ್ ಮೇಲೆ ಗುಂಡಿನ ದಾಳಿ ನಡೆಯಿತು. ಒಂದು ವಾರದಲ್ಲಿಯೇ, ಏಪ್ರಿಲ್ 19ರಂದು, ಲಿಂಕನ್ನರು ದಕ್ಷಿಣದ ಬಂದರುಗಳ ಮೇಲೆ ದಿಗ್ಬಂಧನ ಘೋಷಿಸಿದರು. ಅಲ್ಲಿಯವರೆಗೆ ಬ್ರಿಟನ್ನಿನ ಹತ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅಮೆರಿಕದಿಂದ ಬರುತ್ತಿತ್ತು. ಹತ್ತಿಯೇ ಅರಸು, ಅದರ ಮೇಲೆ ಯಾರೂ ಯುದ್ಧ ಹೂಡಲಾರರು ಎಂಬ ಅರ್ಥದ ಮಾತನ್ನು ದಕ್ಷಿಣದ ಸೆನೆಟರ್ ಹ್ಯಾಮಂಡ್ 1858ರಲ್ಲಿಯೇ ಆಡಿದ್ದನು. ಆ ಅರಸನಿಗೆ ಪರ್ಯಾಯ ಹುಡುಕಿ ಮ್ಯಾಂಚೆಸ್ಟರಿನ ವ್ಯಾಪಾರಿಗಳು ಧಾರವಾಡದತ್ತ ತಿರುಗಿದರು.

ಮ್ಯಾಂಚೆಸ್ಟರ್ ಕಾಟನ್ ಕಂಪನಿಯ ಪ್ರತಿನಿಧಿ ಹೇವುಡ್ ಈ ಸೀಮೆಯನ್ನು ಸುತ್ತಿ ವರದಿ ಬರೆದನು. ಹತ್ತಿಯಿತ್ತು, ಹಾದಿಯಿರಲಿಲ್ಲ. ಧಾರವಾಡಕ್ಕೆ ರೈಲು ಬಂದದ್ದು 1880ರ ದಶಕದಲ್ಲಿ. ಆಗಿನ್ನೂ ಎತ್ತಿನ ಬಂಡಿಗಳೂ ಹೇರೆತ್ತುಗಳೂ ಘಟ್ಟವಿಳಿಯಬೇಕಾಗಿತ್ತು. ಕಾರವಾರ ಬಂದರನ್ನು ಬೆಳೆಸಬೇಕು, ಹತ್ತಿಯ ನಾಡೂ ಹತ್ತಿಯ ಬಂದರೂ ಒಂದೇ ಆಡಳಿತದಲ್ಲಿರಬೇಕು ಎಂಬ ಒತ್ತಾಯ ಬಲವಾಯಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದುದರ ಹಿಂದೆ ಈ ಒತ್ತಾಯವೂ ಕೆಲಸ ಮಾಡಿತ್ತು. ಕನ್ನಡ ಕರಾವಳಿ ಎರಡು ಆಡಳಿತಗಳಿಗೆ ಹಂಚಿಹೋದುದನ್ನು ಏಕೀಕರಣದ ಚರಿತ್ರಕಾರರು ವಿಷಾದದಿಂದ ಬರೆದಿದ್ದಾರೆ. ಆ ಹಂಚಿಕೆಯ ಒಂದು ಎಳೆ ಮ್ಯಾಂಚೆಸ್ಟರಿನವರೆಗೂ, ಅಲ್ಲಿಂದ ಅಮೆರಿಕದ ದಕ್ಷಿಣದ ಬಂದರುಗಳವರೆಗೂ ಹೋಗುತ್ತದೆ ಎಂಬುದು ನೆನಪಿಡತಕ್ಕ ವಿಷಯ.

ಯುದ್ಧ ಉಲ್ಬಣಿಸಿದಂತೆ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ರೈತರು ಜೋಳದ ಹೊಲಕ್ಕೂ ಹತ್ತಿ ಬಿತ್ತಿದರು. ಬೆಳೆ ಬರುವ ಮೊದಲೇ ಸಾಹುಕಾರರು ಮುಂಗಡ ಕೊಟ್ಟರು. ಮುಂಬಯಿಯಲ್ಲಿ ಈ ಹಣ ಷೇರುಗಳ ಹುಚ್ಚಾಗಿ ಹರಿಯಿತು. ಆ ಕಾಲದ ಅತಿ ದೊಡ್ಡ ವ್ಯಾಪಾರಿ, ಜೈನಸಮಾಜದ ಪ್ರೇಮಚಂದ ರಾಯಚಂದ. ಇಂದಿಗೂ ಮುಂಬಯಿ ವಿಶ್ವವಿದ್ಯಾಲಯದ ಆವರಣದಲ್ಲಿ ನಿಂತಿರುವ ರಾಜಾಬಾಯಿ ಗೋಪುರ ಆತನ ತಾಯಿಯ ಹೆಸರಿನದು. ಆ ಗೋಪುರದ ಕಲ್ಲುಗಳ ಹಿಂದೆ ಎಷ್ಟೋ ಹಳ್ಳಿಗಳ ಹತ್ತಿಯಿದೆ.

ಕಲಬೆರಕೆ ಎಂಬ ಆರೋಪ

ಬೆಲೆಯೊಂದಿಗೆ ಕಲಬೆರಕೆಯೂ ಏರಿತು. ಜವಾರಿ ಹತ್ತಿಯನ್ನು ಗರಗಸದ ಜಿನ್‌ನಲ್ಲಿ ಹಾಕಿ ವಿಲಾಯ್ತಿಯೊಡನೆ ಬೆರೆಸುವುದು, ಕಾಳು ಕಸ ಸೇರಿಸುವುದು, ತೂಕಕ್ಕೆಂದು ತೇವ ಮಾಡುವುದು ನಡೆಯಿತು. ಲ್ಯಾಂಕಾಶೈರಿನಲ್ಲಿ ಭಾರತದ ಹತ್ತಿಗೆಲ್ಲ ‘ಸೂರತ್’ ಎಂದೇ ಹೆಸರು. ಆ ಮಾತೇ ಕಳಪೆ ಎಂಬ ಅರ್ಥದ ಬೈಗುಳಾಯಿತು. ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ವಂಚನೆ ತಡೆಯುವ ಕಾಯಿದೆಯನ್ನು ತಂದು ಇನ್ಸ್‌ಪೆಕ್ಟರುಗಳನ್ನು ನೇಮಿಸಿತು.

ಈ ಕಾಲದ ಇಂಗ್ಲಿಷ್ ದಾಖಲೆಗಳನ್ನು ಓದುವ ಸಂಶೋಧಕರು ಇಲ್ಲಿ ಎಚ್ಚರ ವಹಿಸಬೇಕು. ವಂಚನೆ ನಡೆಯಲಿಲ್ಲ ಎನ್ನಲಾಗದು. ಆದರೆ ರೈತನ ಹೊಲದಿಂದ ಲಿವರ್‌ಪೂಲಿನವರೆಗೆ ಹತ್ತಿ ಹಲವು ಕೈ ದಾಟುತ್ತಿತ್ತು. ಮುಂಗಡ ಪಡೆದ ರೈತ ತನ್ನ ಬೆಳೆಯನ್ನು ಸಾಹುಕಾರನಿಗೇ, ಅವನು ಹೇಳಿದ ದರಕ್ಕೇ ಒಪ್ಪಿಸಬೇಕಾಗಿತ್ತು. ಹತ್ತಿ ಶುದ್ಧವಾಗಿದ್ದರೆ ಅವನಿಗೆ ಹೆಚ್ಚು ದಕ್ಕುವ ಏರ್ಪಾಡು ಇರಲಿಲ್ಲ. ಯಾವ ಕೈಯಲ್ಲಿ ಕಲಬೆರಕೆಯಾಯಿತು ಎಂದು ಕೇಳದೆ ‘ದೇಶೀಯರ ಸ್ವಭಾವ’ ಎಂದು ತೀರ್ಮಾನಿಸುವ ವರದಿಗಳನ್ನು ಆಧಾರವಾಗಿ ಬಳಸಬಹುದೇ ಹೊರತು ತೀರ್ಪಾಗಿ ಸ್ವೀಕರಿಸಬಾರದು.

ಇಳಿತ

1865ರ ಏಪ್ರಿಲ್ 9ರಂದು ಜನರಲ್ ಲೀ ಶರಣಾದನು. ಅಮೆರಿಕದ ಚರಿತ್ರೆಯಲ್ಲಿ ಇದು ಶಾಂತಿಯ ದಿನ. ಮುಂಬಯಿಗೆ ಸುದ್ದಿ ತಲುಪಿದಾಗ ಬೆಲೆ ಕುಸಿಯಿತು. ಜುಲೈ 1ರಂದು ತೀರಿಸಬೇಕಾಗಿದ್ದ ಕರಾರುಗಳು ಬಿದ್ದುಹೋಗಿ ವ್ಯಾಪಾರಿ ಮನೆತನಗಳು ಮುಳುಗಿದವು. ಪ್ರೇಮಚಂದರ ಸಂಪತ್ತೂ ಕರಗಿತು. ಮುಂಬಯಿಯ ಈ ಪತನ ಚರಿತ್ರೆಯಲ್ಲಿ ವಿವರವಾಗಿ ದಾಖಲಾಗಿದೆ. ಹಳ್ಳಿಗಳ ಇಳಿತ ನಿಧಾನವಾಗಿ ಬಂದುದರಿಂದ ಅಷ್ಟಾಗಿ ದಾಖಲಾಗಲಿಲ್ಲ.

ಆ ಇಳಿತದ ಸ್ವರೂಪ ಹೀಗಿತ್ತು: ಏರಿದ ಬೆಲೆಯ ಭರವಸೆಯ ಮೇಲೆ ಮಾಡಿದ ಸಾಲ, ಬೆಲೆ ಇಳಿದ ಮೇಲೆಯೂ ಹಾಗೆಯೇ ನಿಂತಿತು. ವಿಂಗೇಟರ ಪದ್ಧತಿಯಂತೆ 1840ರ ದಶಕದಲ್ಲಿ 30 ವರ್ಷಗಳಿಗೆಂದು ನಿಗದಿಯಾಗಿದ್ದ ಭೂಕಂದಾಯ 1870ರ ದಶಕದಲ್ಲಿ ಪರಿಷ್ಕಾರಕ್ಕೆ ಬಂದು ಏರಿತು. ಅದರ ಬೆನ್ನಿಗೇ 1876–78ರ ಭೀಕರ ಬರ ಬಂದೆರಗಿತು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು. ಧಾರವಾಡದಲ್ಲಿ ಅಂಥ ದಂಗೆ ನಡೆಯಲಿಲ್ಲ. ಆದರೆ ದಂಗೆ ನಡೆಯದಿದ್ದುದು ನೋವಿಲ್ಲದ್ದಕ್ಕೆ ಸಾಕ್ಷಿಯಾಗುವುದಿಲ್ಲ.

ಬರೆದವರು, ಬರೆಯದವರು

ಹತ್ತಿಯಿಲ್ಲದೆ ಗಿರಣಿಗಳು ನಿಂತಾಗ ಮ್ಯಾಂಚೆಸ್ಟರಿನ ಕಾರ್ಮಿಕರು ಹಸಿದರು. ಆದರೂ ಅವರು 1862ರ ಡಿಸೆಂಬರ್ 31ರಂದು ಸಭೆ ಸೇರಿ, ಗುಲಾಮಗಿರಿಯನ್ನು ತೊಡೆಯುವ ಲಿಂಕನ್ನರ ಹೋರಾಟವನ್ನು ಬೆಂಬಲಿಸಿ ಪತ್ರ ಬರೆದರು. 1863ರ ಜನವರಿ 19ರಂದು ಲಿಂಕನ್ನರು ಅದಕ್ಕೆ ಉತ್ತರಿಸಿದರು. ಅಮೆರಿಕದ ಚರಿತ್ರೆಯಲ್ಲಿ ಈ ಪತ್ರಗಳಿಗೆ ಗೌರವದ ಸ್ಥಾನವಿದೆ, ಇರಬೇಕಾದುದೂ ಸರಿಯೇ. ಅದೇ ದಿನಗಳಲ್ಲಿ ಎರೆಹೊಲದಲ್ಲಿ ಹತ್ತಿ ಬಿಡಿಸಲು ಅಣಿಯಾಗುತ್ತಿದ್ದ ಧಾರವಾಡದ ಹೆಣ್ಣುಮಗಳಿಗೆ ತನ್ನ ಅರಳೆಯ ಬೆಲೆ ಏಕೆ ಏರಿತೆಂದು ಹೇಳಿದವರು ಯಾರು? ಸುಮಾರು 40 ಲಕ್ಷ ಗುಲಾಮರ ಬಿಡುಗಡೆಯ ಪ್ರಶ್ನೆ ಆ ಬೆಲೆಯ ಹಿಂದಿದೆ ಎಂಬುದು ಅವಳನ್ನು ತಲುಪಿದ ಬಗೆ ಯಾವುದು? ಅವಳ ಕಡೆಯಿಂದ ಲಿಂಕನ್ನರಿಗೆ ಪತ್ರ ಹೋಗುವ ಹಾದಿಯೇ ಇರಲಿಲ್ಲ.

ಆದರೆ ಅದೇ ಮುಂಬಯಿ ಆಧಿಪತ್ಯದಲ್ಲಿ ಒಬ್ಬರು ಈ ಯುದ್ಧವನ್ನು ಬೆಲೆಪಟ್ಟಿಯ ಆಚೆಗೆ ಓದಿದರು. ಜೋತಿರಾವ್ ಫುಲೆ 1873ರಲ್ಲಿ ಪ್ರಕಟಿಸಿದ ‘ಗುಲಾಮಗಿರಿ’ಯನ್ನು, ಗುಲಾಮರ ವಿಮೋಚನೆಗಾಗಿ ತ್ಯಾಗ ಮಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಅಮೆರಿಕದ ಚರಿತ್ರೆಯ ಪರೀಕ್ಷೆಯಲ್ಲಿ ಇದಕ್ಕಿಂತ ಉತ್ತಮವಾದ ಉತ್ತರಪತ್ರಿಕೆ ಈ ಭಾಗದಿಂದ ಆ ಕಾಲದಲ್ಲಿ ಹೊರಡಲಿಲ್ಲ. ವರ್ಷ ತಿಥಿಗಳನ್ನು ಒಪ್ಪಿಸುವುದರ ಬದಲು, ಅಲ್ಲಿ ನಡೆದುದು ಇಲ್ಲಿ ಯಾರಿಗೆ ಏನನ್ನು ಹೇಳುತ್ತದೆ ಎಂದು ಅವರು ಕೇಳಿದರು.

ಬೀಜದ ಕಥೆಯಾದರೂ ಅಲ್ಲಿಗೇ ನಿಲ್ಲಲಿಲ್ಲ. ಧಾರವಾಡ–ಅಮೆರಿಕನ್ ಹತ್ತಿಯಿಂದ ಆಯ್ದು ಗದಗ 1 ಎಂಬ ತಳಿಯನ್ನು ರೂಪಿಸಲಾಯಿತು. ಅದರ ಸಂಕರದಿಂದ ‘ಲಕ್ಷ್ಮಿ’ ಬಂದಿತು. ಲಕ್ಷ್ಮಿಯನ್ನು ಒಂದು ಪೋಷಕ ತಳಿಯಾಗಿ ಬಳಸಿ 1972ರಲ್ಲಿ ಡಾ. ಬಿ. ಎಚ್. ಕಟರಕಿಯವರು ಧಾರವಾಡದಲ್ಲಿ ‘ವರಲಕ್ಷ್ಮಿ’ಯನ್ನು ಬಿಡುಗಡೆಗೆ ತಂದರು. ಹತ್ತಿಯ ಎರಡು ಭಿನ್ನ ಜಾತಿಗಳ ನಡುವಣ, ವಾಣಿಜ್ಯ ಬೇಸಾಯಕ್ಕೆ ಒದಗಿದ ಜಗತ್ತಿನ ಮೊದಲ ಸಂಕರ ತಳಿ ಅದು. ಮಿಸಿಸಿಪ್ಪಿ ಕಣಿವೆಯಿಂದ ಹೊರಟ ಬೀಜ ಎರೆಭೂಮಿಯಲ್ಲಿ ಬೇರುಬಿಟ್ಟು ಈ ನೆಲದ್ದೇ ಆಯಿತು. ಉಪ್ಪಿನಬೆಟಗೇರಿಯ ಸುತ್ತಿನ ಹೊಲಗಳನ್ನು ನೋಡುತ್ತ ಹೋಗುವ ವಿದ್ಯಾರ್ಥಿಗೆ ಅಮೆರಿಕದ ಚರಿತ್ರೆಯ ಒಂದು ಅಧ್ಯಾಯ ಅಲ್ಲಿಯೇ ಬಿಡಿಸಿಟ್ಟಂತೆ ಇದೆ. ಅದನ್ನು ಓದಲು ಬೇಕಾದ ಸಾಮಗ್ರಿಯಲ್ಲಿ ಸರಕಾರಿ ವರದಿಗಳ ಪಾಲು ಅರ್ಧ ಮಾತ್ರ. ಮನೆತನಗಳ ಲೆಕ್ಕದ ವಹಿಗಳೂ, ಮಠ–ಬಸದಿಗಳ ಕಾಗದಪತ್ರಗಳೂ, ಹಿರಿಯರ ಬಾಯಲ್ಲಿ ಉಳಿದ ‘ವಿಲಾಯ್ತಿ ಹತ್ತಿ’ಯಂಥ ಮಾತುಗಳೂ ಉಳಿದರ್ಧ. ಅವು ಗೆದ್ದಲು ಹಿಡಿಯುವ ಮೊದಲು ಯಾರಾದರೂ ಕೈಗೆತ್ತಿಕೊಳ್ಳುವರೇ ಎಂಬುದೇ ಮುಂದಿನ ತಲೆಮಾರಿನ ಸಂಶೋಧಕರಿಗೆ ಒಡ್ಡಿದ ನಿಜವಾದ ಪರೀಕ್ಷೆ.